ಕರೆಂಟ್ ಬಂದರೂ ಡೆಸ್ಕ್‌ಟಾಪ್ ಬರುತ್ತಿಲ್ಲವೇ? ಹೀಗೆ ಮಾಡಿ

ನಿಮ್ಮ ಸೊಸೈಟಿಯಲ್ಲೋ, ಅಡಿಕೆ ಮಂಡಿಯಲ್ಲೋ, ಕಾಲೇಜಿನ ಲ್ಯಾಬಿನಲ್ಲೋ ವಿಡಿಐ, ಅಂದರೆ ಸರ್ವರ್‌ನಿಂದ ಬರುವ ವರ್ಚುವಲ್ ಡೆಸ್ಕ್‌ಟಾಪ್ ವ್ಯವಸ್ಥೆ, ಹಾಕಿಸಿದ್ದೀರಾ? ಮೇಜಿನ ಮೇಲೆ ಅಂಗೈ ಅಗಲದ ಥಿನ್ ಕ್ಲೈಂಟ್, ಒಂದು ಮಾನಿಟರ್, ಕೀಬೋರ್ಡ್ ಅಷ್ಟೇ. ವಿಂಡೋಸ್ ಓಡುವುದೆಲ್ಲ ಒಳಗಿನ ರೂಮಿನ ಸರ್ವರ್‌ನಲ್ಲಿ. ಹಾಗಿದ್ದರೆ ಮಳೆಗಾಲದಲ್ಲಿ ಈ ಮಾತು ಕೇಳೇ ಇರುತ್ತೀರಿ: "ಸಾರ್, ಕರೆಂಟ್ ಬಂತು, ಸಿಸ್ಟಮ್ ಬರ್ತಿಲ್ಲ."

ತೀರ್ಥಹಳ್ಳಿ, ಹೊಸನಗರ ಕಡೆ ಜೋರು ಮಳೆಗೆ ಲೈನ್ ಮೇಲೆ ಮರ ಬೀಳುವುದು ಹೊಸದೇನಲ್ಲ. ಆದರೆ ಕರೆಂಟ್ ಹೋದಾಗಕ್ಕಿಂತ ಬಂದ ಮೇಲೇ ಸರ್ವರ್‌ಗೆ ಕಷ್ಟ ಜಾಸ್ತಿ. ಎಲ್ಲವೂ ಒಟ್ಟಿಗೆ ಆನ್ ಆಗುತ್ತವೆ, ಒಂದಕ್ಕೊಂದು ಕಾಯುವುದಿಲ್ಲ, ಅರ್ಧ ಎದ್ದು ಅರ್ಧ ಮಲಗಿರುತ್ತವೆ.

ಮೊದಲು ಸರದಿ ಸರಿ ಮಾಡಿ

ಸ್ವಿಚ್, ರೂಟರ್ ಮೊದಲು. ಸ್ಟೋರೇಜ್ ಬೇರೆ ಇದ್ದರೆ ಅದು ಆಮೇಲೆ, ಅದು ಪೂರ್ತಿ ಎದ್ದ ಮೇಲೆ ಹೋಸ್ಟ್, ಅಂದರೆ ಉಳಿದ ಸರ್ವರ್, ಡೆಸ್ಕ್‌ಟಾಪ್‌ಗಳೆಲ್ಲ ವರ್ಚುವಲ್ ಆಗಿ ಓಡುವ ಅಸಲಿ ಸರ್ವರ್. ಹೋಸ್ಟ್ ಒಳಗೆ ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್ ಮೊದಲು ಏಳಬೇಕು, ಯಾಕೆಂದರೆ ಸಣ್ಣ ಆಫೀಸುಗಳಲ್ಲಿ ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವುದು), ಡಿಎಚ್‌ಸಿಪಿ (ಮಷೀನ್‌ಗಳಿಗೆ ಐಪಿ ವಿಳಾಸ ಹಂಚುವುದು) ಎರಡೂ ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಅದಾದ ಮೇಲೆ ಬ್ರೋಕರ್, ಅಂದರೆ ಯಾರಿಗೆ ಯಾವ ಡೆಸ್ಕ್‌ಟಾಪ್ ಎಂದು ದಾರಿ ತೋರಿಸುವ ಸರ್ವರ್. ಡೆಸ್ಕ್‌ಟಾಪ್‌ಗಳು ಕೊನೆಗೆ, ಅದೂ ನಾಲ್ಕೈದರ ಗುಂಪಿನಲ್ಲಿ.

ಇದನ್ನು ಕೈಯಲ್ಲೇ ಮಾಡಬೇಕೆಂದಿಲ್ಲ. ಒಂದೇ ಹೋಸ್ಟ್‌ನಲ್ಲಿ ಹಲವು ವರ್ಚುವಲ್ ಮಷೀನ್ ಓಡಿಸುವ ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ಪ್ರತಿ ವರ್ಚುವಲ್ ಮಷೀನ್‌ನ ಸೆಟ್ಟಿಂಗ್ಸ್‌ನಲ್ಲಿ 'ಆಟೊಮ್ಯಾಟಿಕ್ ಸ್ಟಾರ್ಟ್ ಆ್ಯಕ್ಷನ್' ಇದೆ, ಅಲ್ಲಿ ಎಷ್ಟು ಸೆಕೆಂಡ್ ತಡೆದು ಏಳಬೇಕು ಎಂದು ಕೊಡಬಹುದು. ಡೊಮೇನ್ ಕಂಟ್ರೋಲರ್‌ಗೆ 0, ಬ್ರೋಕರ್‌ಗೆ 180, ಮೊದಲ ಗುಂಪಿನ ಡೆಸ್ಕ್‌ಟಾಪ್‌ಗಳಿಗೆ 300, ಹೀಗೆ ಏರಿಸುತ್ತಾ ಹೋಗಿ. ಅದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಪ್ರಾಕ್ಸ್‌ಮಾಕ್ಸ್‌ನಲ್ಲೂ ಇಂಥದ್ದೇ ಸ್ಟಾರ್ಟ್ ಆರ್ಡರ್ ಇದೆ.

ಗುಂಪು ಯಾಕೆ ಅಂದರೆ ಡಿಸ್ಕ್. ಹಳೆ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸು ಓದು-ಬರೆ ಕೆಲಸ ಮಾಡಿದರೆ ಹೆಚ್ಚು. ಇಪ್ಪತ್ತು ವಿಂಡೋಸ್ ಒಟ್ಟಿಗೆ ಬೂಟ್ ಆಗಲು ನಿಂತರೆ ಅದರ ಗತಿ ಏನು? ದುಡ್ಡು ಒಂದಕ್ಕೆ ಮಾತ್ರ ಇದ್ದರೆ ಪ್ರೊಸೆಸರ್‌ಗೆ ಹಾಕಬೇಡಿ, ಎಸ್‌ಎಸ್‌ಡಿಗೆ ಹಾಕಿ. ಆಮೇಲೆ ರ‍್ಯಾಮ್. ತಲೆಗೆ 4 ಜಿಬಿ ಅಂದರೂ ಇಪ್ಪತ್ತಕ್ಕೆ 80 ಆಯಿತು, ಹೋಸ್ಟ್‌ಗೂ ಉಳಿದ ಸರ್ವರ್‌ಗಳಿಗೂ ಸೇರಿಸಿ 128 ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು, ಬಯಾಸ್‌ನಲ್ಲಿ (ಸರ್ವರ್ ಆನ್ ಆಗುವಾಗ ಸಿಗುವ ಮೂಲ ಸೆಟ್ಟಿಂಗ್ಸ್) ಕರೆಂಟ್ ಬಂದ ತಕ್ಷಣ ಸರ್ವರ್ ತಾನೇ ಆನ್ ಆಗುವ ಆಯ್ಕೆ ಇರುತ್ತದೆ. ಮಳೆಗಾಲದಲ್ಲಿ ಅದನ್ನು ಆಫ್ ಮಾಡಿಡಿ ಎನ್ನುವುದು ನನ್ನ ಸಲಹೆ. ಬಂದು, ಹೋಗಿ, ಮತ್ತೆ ಬರುವ ಕರೆಂಟ್‌ಗೆ ಡಿಸ್ಕ್ ಬಲಿಯಾಗುವುದಕ್ಕಿಂತ ಒಬ್ಬರು ಹೋಗಿ ಬಟನ್ ಒತ್ತುವುದು ವಾಸಿ. ಯುಪಿಎಸ್‌ಗೂ ಸರ್ವರ್‌ಗೂ ನಡುವೆ ಯುಎಸ್‌ಬಿ ಕೇಬಲ್ ಹಾಕಿ, ಬ್ಯಾಟರಿ ಇಳಿದಾಗ ಸರ್ವರ್ ತಾನೇ ಶಟ್‌ಡೌನ್ ಆಗುವ ಹಾಗೆ ಮಾಡಿ. ಸುಮಾರು ಕಡೆ ಯುಪಿಎಸ್ ಇರುತ್ತದೆ, ಈ ಕೇಬಲ್ ಮಾತ್ರ ಡಬ್ಬದಲ್ಲೇ ಉಳಿದಿರುತ್ತದೆ. ಲೇಸರ್ ಪ್ರಿಂಟರ್ ಅನ್ನು ಮಾತ್ರ ಆ ಯುಪಿಎಸ್‌ಗೆ ಸಿಗಿಸಬೇಡಿ.

ಆದರೂ ಬರುತ್ತಿಲ್ಲ ಅಂದರೆ

ಒಬ್ಬರಿಗೆ ಮಾತ್ರ ಬರುತ್ತಿಲ್ಲವೋ, ಎಲ್ಲರಿಗೂ ಇಲ್ಲವೋ? ಇದನ್ನು ಮೊದಲು ಕೇಳಿ. ಒಬ್ಬರಿಗೆ ಮಾತ್ರವಾದರೆ ಕೇಬಲ್, ಸ್ವಿಚ್‌ನ ಆ ಪೋರ್ಟ್, ಥಿನ್ ಕ್ಲೈಂಟ್ ನೋಡಿ, ಸರ್ವರ್ ಮುಟ್ಟಬೇಡಿ. ಎಲ್ಲರಿಗೂ ಇಲ್ಲವಾದರೆ ಒಂದು ಲ್ಯಾಪ್‌ಟಾಪ್ ಹಿಡಿದು ಸರ್ವರ್ ಅನ್ನು ಐಪಿ ವಿಳಾಸದಿಂದ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಎಂದು ಕೂಗಿ ನೋಡಿ, ಆಮೇಲೆ ಹೆಸರಿನಿಂದ. ಐಪಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ತೊಂದರೆ ಡಿಎನ್‌ಎಸ್‌ನದು. ಎರಡೂ ಸರಿ ಇದ್ದರೆ ವಿಂಡೋಸ್‌ನಲ್ಲಿ ಕಮಾಂಡ್ ಕೊಡುವ ಪವರ್‌ಶೆಲ್‌ನಲ್ಲಿ 'ಟೆಸ್ಟ್-ನೆಟ್‌ಕನೆಕ್ಷನ್' ಕೊಟ್ಟು 3389 ಪೋರ್ಟ್ ತೆರೆದಿದೆಯೇ ನೋಡಿ. ದೂರದ ಡೆಸ್ಕ್‌ಟಾಪ್ ಅನ್ನು ನಿಮ್ಮ ಪರದೆಗೆ ತರುವ ಆರ್‌ಡಿಪಿ ಕೂರುವುದು ಅಲ್ಲೇ.

ಎಲ್ಲವೂ ಸರಿ ಇದೆ, ಲಾಗಿನ್ ಮಾತ್ರ ಆಗುತ್ತಿಲ್ಲವಾ? ಗಡಿಯಾರ ನೋಡಿ. ತಮಾಷೆಯಲ್ಲ. ಡೊಮೇನ್ ಲಾಗಿನ್‌ಗೆ ಬಳಸುವ ಕೆರ್ಬರೋಸ್, ಎರಡು ಮಷೀನ್‌ಗಳ ಸಮಯದಲ್ಲಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಳೆ ಸರ್ವರ್‌ನ ಮದರ್‌ಬೋರ್ಡ್‌ನಲ್ಲಿರುವ ಬಿಲ್ಲೆ ಬ್ಯಾಟರಿ ಸತ್ತಿದ್ದರೆ, ಪೂರ್ತಿ ಕರೆಂಟ್ ಹೋಗಿ ಬಂದಾಗ ದಿನಾಂಕವೇ ಎಷ್ಟೋ ವರ್ಷ ಹಿಂದಕ್ಕೆ ಓಡಿರುತ್ತದೆ. ಡೊಮೇನ್ ಕಂಟ್ರೋಲರ್ ಅದೇ ಹೋಸ್ಟ್‌ನಲ್ಲಿ ವರ್ಚುವಲ್ ಆಗಿದ್ದರೆ ಆ ತಪ್ಪು ಸಮಯವನ್ನೇ ಹಿಡಿದು ಎಲ್ಲರಿಗೂ ಹಂಚುತ್ತದೆ. ಬ್ಯಾಟರಿ ಬದಲಿಸಿ, ಡೊಮೇನ್ ಕಂಟ್ರೋಲರ್ ಮಷೀನ್‌ಗೆ ಹೈಪರ್-ವಿಯ ಟೈಮ್ ಸಿಂಕ್ ಆಫ್ ಮಾಡಿ, ಸಮಯವನ್ನು ಹೊರಗಿನ ಎನ್‌ಟಿಪಿ (ಸರಿಯಾದ ಸಮಯ ಕೊಡುವ) ಸರ್ವರ್‌ನಿಂದ ತೆಗೆದುಕೊಳ್ಳಲು ಹೇಳಿ.

ವರ್ಚುವಲ್ ಮಷೀನ್ 'ಪಾಸ್ಡ್-ಕ್ರಿಟಿಕಲ್' ಎಂದು ನಿಂತಿದ್ದರೆ ಡಿಸ್ಕ್ ತುಂಬಿರಬಹುದು. ಯಾವತ್ತೋ ಮಾಡಿಟ್ಟು ಮರೆತ ಚೆಕ್‌ಪಾಯಿಂಟ್ (ಹಿಂದಿನ ಸ್ಥಿತಿಗೆ ಮರಳಲು ಉಳಿಸಿಟ್ಟ ಪ್ರತಿ) ಬೆಳೆದಿರುತ್ತದೆ. ಆ ಫೈಲ್‌ಗಳನ್ನು ಫೋಲ್ಡರ್‌ಗೆ ಹೋಗಿ ಡಿಲೀಟ್ ಮಾಡಬೇಡಿ, ಮಷೀನೇ ಹಾಳಾಗುತ್ತದೆ. ಬೇಡದ್ದನ್ನು ಬೇರೆ ಕಡೆ ಸಾಗಿಸಿ ಮೊದಲು ಜಾಗ ಮಾಡಿ, ಆಮೇಲೆ ಹೈಪರ್-ವಿ ಮ್ಯಾನೇಜರ್‌ನಿಂದಲೇ ಚೆಕ್‌ಪಾಯಿಂಟ್ ಅಳಿಸಿ.

"ನನ್ನ ಫೈಲ್ ಎಲ್ಲಾ ಹೋಯ್ತು!"

ಲೆಕ್ಕದ ವಿಭಾಗದ ಮೇಡಂ ಹೀಗೆ ಗಾಬರಿಯಾದರೆ ಮೊದಲು ಅವರ ಕೈಯನ್ನು ಕೀಬೋರ್ಡ್‌ನಿಂದ ತೆಗೆಸಿ. ಬಹುತೇಕ ಫೈಲ್ ಹೋಗಿರುವುದಿಲ್ಲ. ಒಬ್ಬೊಬ್ಬರ ಫೈಲ್, ಸೆಟ್ಟಿಂಗ್ಸ್ ಇಡುವ ಪ್ರೊಫೈಲ್ ಡಿಸ್ಕ್ ಬಳಸುವ ಕಡೆ, ದಿಢೀರ್ ಆಫ್ ಆದಾಗ ಹಳೆ ಸೆಷನ್‌ನ ಬೀಗ ಆ ಡಿಸ್ಕ್ ಮೇಲೆ ಹಾಗೇ ಉಳಿದಿರುತ್ತದೆ, ಆಗ ವಿಂಡೋಸ್ ಒಂದು ಟೆಂಪರರಿ ಪ್ರೊಫೈಲ್ ಕೊಟ್ಟು ಕೂರಿಸುತ್ತದೆ. ಡೆಸ್ಕ್‌ಟಾಪ್ ಖಾಲಿ ಖಾಲಿ. ಅದರಲ್ಲಿ ಸೇವ್ ಮಾಡಿದ್ದು ಲಾಗ್ಆಫ್ ಆದ ಕೂಡಲೇ ಅಳಿಸಿಹೋಗುತ್ತದೆ, ಅಪಾಯ ಇರುವುದು ಅಲ್ಲಿ. ಅವರನ್ನು ಲಾಗ್ಆಫ್ ಮಾಡಿಸಿ, ಫೈಲ್ ಸರ್ವರ್‌ನ 'ಕಂಪ್ಯೂಟರ್ ಮ್ಯಾನೇಜ್‌ಮೆಂಟ್'ನಲ್ಲಿ 'ಓಪನ್ ಫೈಲ್ಸ್' ತೆರೆದು ಅವರ ಪ್ರೊಫೈಲ್ ಡಿಸ್ಕ್ ಅನ್ನು ಮಾತ್ರ ಕ್ಲೋಸ್ ಮಾಡಿ, ಮತ್ತೆ ಲಾಗಿನ್ ಆಗಲು ಹೇಳಿ.

ಉಳಿದ ಚೂರುಪಾರು

ನುಡಿ, ಬರಹ ಇವನ್ನೆಲ್ಲ ಎಲ್ಲ ಡೆಸ್ಕ್‌ಟಾಪ್‌ಗಳಿಗೂ ಮೂಲವಾದ ಗೋಲ್ಡನ್ ಇಮೇಜ್‌ನಲ್ಲೇ ಹಾಕಿ. ಒಂದೊಂದಕ್ಕೆ ಹಾಕುತ್ತಾ ಕೂತರೆ ಮುಂದಿನ ಅಪ್‌ಡೇಟ್‌ಗೆ ಎಲ್ಲ ಮಾಯ. ಒಂದೇ ವಿಂಡೋಸ್ ಸರ್ವರ್ ಅನ್ನು ಹಲವರು ಹಂಚಿಕೊಳ್ಳುವ ಸೆಷನ್ ಹೋಸ್ಟ್ ಬಳಸುವವರು ಲೈಸೆನ್ಸ್ ಸರ್ವರ್ ಮರೆಯಬೇಡಿ, ಪುಕ್ಕಟೆ ಅವಧಿ 120 ದಿನ. ಎರಡು ಕಟ್ಟಡಗಳ ನಡುವೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದಿದ್ದರೆ ಫೈಬರ್‌ಗೆ ಬದಲಿಸಿ, ಸಿಡಿಲಿನ ಏಟು ಆ ತಾಮ್ರದಲ್ಲೇ ಸ್ವಿಚ್‌ವರೆಗೂ ಬರುತ್ತದೆ.

ಸಾಗರದ ಬ್ರಾಂಚ್‌ನಿಂದ ಶಿವಮೊಗ್ಗದ ಸರ್ವರ್‌ಗೆ ಬರುವವರಿಗೆ ಮೌಸ್ ಎಳೆದ ಹಾಗೆ ಆಗುತ್ತಿದೆಯಾ? ನೆಟ್‌ವರ್ಕ್‌ನಲ್ಲಿ ಡೇಟಾ ಸಾಗುವ ವಿಧಾನಗಳಲ್ಲಿ ಆರ್‌ಡಿಪಿ ಟಿಸಿಪಿ ಜೊತೆ ಯುಡಿಪಿಯನ್ನೂ ಬಳಸುತ್ತದೆ. ಫೈರ್‌ವಾಲ್‌ನಲ್ಲಿ ಯುಡಿಪಿ ಮುಚ್ಚಿದ್ದರೆ ಪ್ಯಾಕೆಟ್ ಕಳೆದುಹೋಗುವ ಲೈನ್‌ನಲ್ಲಿ ಒದ್ದಾಟವೇ. ಆದರೆ ವೇಗ ಬೇಕು ಅಂತ ರೂಟರ್‌ನಲ್ಲಿ 3389 ಅನ್ನು ಸೀದಾ ಇಂಟರ್‌ನೆಟ್‌ಗೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವವರು ಬೇಗನೆ ಬಂದು ತಟ್ಟುತ್ತಾರೆ. ಬ್ರಾಂಚ್‌ನವರು ವಿಪಿಎನ್ (ಇಂಟರ್‌ನೆಟ್ ಒಳಗಿನ ಸುರಕ್ಷಿತ ಖಾಸಗಿ ದಾರಿ) ಮೂಲಕ ಬರಲಿ, ಇಲ್ಲವೇ 443 ಪೋರ್ಟ್‌ನ ಗೇಟ್‌ವೇ ಹಾಕಿಸಿ.