ಕಾರವಾರದ ಉಪ್ಪುಗಾಳಿಯಲ್ಲಿ ನನ್ನ ಮೊದಲ ಗೇಮಿಂಗ್ ಪಿಸಿ

ನಮ್ಮನೆಯ ಹಳೆ ಕಂಪ್ಯೂಟರ್ ಪ್ರತಿ ಮಳೆಗಾಲದಲ್ಲೂ ಒಂದು ದಿನ ಕೈಕೊಡುತ್ತಿತ್ತು. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ರ್‍ಯಾಮ್ ಕಿತ್ತು, ಶಾಲೆಯ ರಬ್ಬರಿನಿಂದ ಅದರ ಹೊಂಬಣ್ಣದ ಹಲ್ಲುಗಳನ್ನು ಉಜ್ಜಿ ಮತ್ತೆ ಕೂರಿಸಿದರೆ ಸರಿಯಾಗುತ್ತಿತ್ತು. ಮನೆ ಇರುವುದು ಕೋಡಿಬಾಗದಲ್ಲಿ. ಕಾಳಿ ನದಿ ಸಮುದ್ರ ಸೇರುವ ಜಾಗ ನಡೆದು ಹೋಗುವಷ್ಟು ಹತ್ತಿರ. ಕಿಟಕಿ ಸರಳು, ಗೇಟಿನ ಚಿಲಕ, ಸೈಕಲ್ ಚೈನು, ಎಲ್ಲಕ್ಕೂ ಇಲ್ಲಿ ತುಕ್ಕು ಬೇಗ ಹಿಡಿಯುತ್ತದೆ.

2023ರಲ್ಲಿ 80 ಸಾವಿರ ಕೂಡಿಸಿ ಗೇಮಿಂಗ್ ಪಿಸಿ ಕಟ್ಟಲು ಹೊರಟಾಗ ಬೆಂಗಳೂರಿನ ಗೆಳೆಯರು ಒಂದು ಪಟ್ಟಿ ಕಳಿಸಿದರು. ಒಳ್ಳೆಯ ಪಟ್ಟಿಯೇ. ಆದರೆ ಅದರಲ್ಲಿ, ಕರೆಂಟ್ ಹೋದ ಕ್ಷಣಕ್ಕೇ ಬ್ಯಾಟರಿಗೆ ಬದಲಾಗುವ ಯುಪಿಎಸ್ ಇರಲಿಲ್ಲ, ಗೋಡೆಯ ಕರೆಂಟನ್ನು ಪಾರ್ಟ್ಸ್‌ಗೆ ಬೇಕಾದ ಹಾಗೆ ಇಳಿಸಿ ಕೊಡುವ ಡಬ್ಬ, ಅಂದರೆ ಎಸ್‌ಎಂಪಿಎಸ್‌ಗೆ ಇಟ್ಟಿದ್ದು ಉಳಿದ ಚಿಲ್ಲರೆ ದುಡ್ಡು. ನಮ್ಮ ಊರಿಗೆ ಅದು ಹೊಂದುವುದಿಲ್ಲ ಅನ್ನಿಸಿತು. ಪಟ್ಟಿಯನ್ನು ಮೊದಲಿನಿಂದ ಬರೆದೆ.

ಮೊದಲು ಬರೆದದ್ದು ಮಾನಿಟರ್. 24 ಇಂಚು, 1080ಪಿ (ಪರದೆಯ ಚುಕ್ಕೆಗಳ ಲೆಕ್ಕ), 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುತ್ತದೆ), ಸುಮಾರು 12 ಸಾವಿರ. ಮಾನಿಟರ್ ಗಟ್ಟಿಯಾದರೆ, ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ತಾನಾಗೇ ಗಟ್ಟಿಯಾಗುತ್ತದೆ. 1080ಪಿ ಪರದೆಗೆ, ಅದಕ್ಕಿಂತ ಹೆಚ್ಚು ಚುಕ್ಕೆಗಳ 4ಕೆ ಓಡಿಸುವ ಕಾರ್ಡ್ ತಂದರೆ ದುಡ್ಡು ಸುಮ್ನೆ ಕೂತಿರುತ್ತದೆ, ಅಲ್ವಾ? ನಾನು ಹೆಚ್ಚು ಆಡುವುದು ವಾಲೊರಂಟ್, ಆಮೇಲೆ ಜಿಟಿಎ 5. ರೇಡಿಯಾನ್ ಆರ್‌ಎಕ್ಸ್ 6600 ಮತ್ತು ಆರ್‌ಟಿಎಕ್ಸ್ 3060, ಈ ಎರಡು ಕಾರ್ಡುಗಳ ನಡುವೆ ವಾರಗಟ್ಟಲೆ ತೂಗಿದೆ. 3060ಯಲ್ಲಿ 12 ಜಿಬಿ ಮೆಮೊರಿ, ಬೆಳಕು ನೆರಳನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗ್ ಕೂಡ ಚೆನ್ನ. ಆದರೆ ನನಗೆ ಸಿಕ್ಕ ಬೆಲೆಯಲ್ಲಿ ಆರೇಳು ಸಾವಿರ ಜಾಸ್ತಿ, ಮತ್ತು 170 ವ್ಯಾಟ್ ತಿನ್ನುತ್ತದೆ. 6600ಕ್ಕೆ 8 ಜಿಬಿ, 132 ವ್ಯಾಟ್. ಯುಪಿಎಸ್ ಮೇಲೆ ಓಡಿಸುವವನಿಗೆ ಈ 38 ವ್ಯಾಟ್ ಸಣ್ಣದಲ್ಲ. 6600 ಬರೆದೆ.

ಪ್ರೊಸೆಸರ್ ವಿಚಾರದಲ್ಲಿ ಒಂದು ಮಾತು. ಅಂಗಡಿಯೊಂದರಲ್ಲಿ 'ಐ7 ಇದೆ, ಗೇಮಿಂಗಿಗೆ ಸಾಕು' ಎಂದು ಹಳೆ ಯಂತ್ರ ತೋರಿಸಿದರು. ಒಳಗಿದ್ದದ್ದು ಐ7-3770, 2012ರ ಚಿಪ್. ವಿಂಡೋಸ್ 11ಕ್ಕೆ ಅದು ಅಧಿಕೃತವಾಗಿ ಲೆಕ್ಕಕ್ಕೇ ಇಲ್ಲ. ಐ7 ಅನ್ನುವುದು ಮನೆತನದ ಹೆಸರು ಅಷ್ಟೇ, ಯಾವ ತಲೆಮಾರು ಎಂದು ಕೇಳಲೇಬೇಕು. ನಾನು ರೈಜೆನ್ 5 5600 ತಗೊಂಡೆ. 6 ಕೋರ್ (ಒಳಗಿನ ಕೆಲಸಗಾರರು), 12 ಥ್ರೆಡ್ (ಒಮ್ಮೆಗೆ ಹಿಡಿಯುವ ಕೆಲಸ), 65 ವ್ಯಾಟ್. ಕೊನೆಗೆ 'ಜಿ' ಇರುವ 5600ಜಿ ಬೇರೆ. ಅದರಲ್ಲಿ ಗ್ರಾಫಿಕ್ಸ್ ಒಳಗೇ ಇರುತ್ತದೆ, ಆದರೆ ಚಿಪ್ಪಿನೊಳಗಿನ ವೇಗದ ಮೆಮೊರಿಯಾದ ಎಲ್3 ಕ್ಯಾಶ್ 32 ಎಂಬಿ ಬದಲು 16 ಎಂಬಿ. ಕಾರ್ಡ್ ಆಮೇಲೆ ಕೊಳ್ಳುವವರಿಗೆ ಅದು ಸರಿ, ಮೊದಲೇ ಕೊಳ್ಳುವವರಿಗೆ ಬೇಡ. ಮದರ್‌ಬೋರ್ಡ್ ಬಿ550. ಬಿ450 ಅಗ್ಗವಾಗಿತ್ತು, ಆದರೆ ಹಳೆ ಸ್ಟಾಕ್ ಬಂದರೆ, ಬೋರ್ಡನ್ನು ಎಬ್ಬಿಸುವ ಪುಟ್ಟ ಸಾಫ್ಟ್‌ವೇರ್ ಆದ ಬಯೋಸ್ ಅಪ್‌ಡೇಟ್ ಆಗದೆ 5600 ಎದ್ದೇಳುವುದಿಲ್ಲ. ರ್‍ಯಾಮ್ 8 ಜಿಬಿಯ ಎರಡು ಕಡ್ಡಿ, ಆಟಗಳನ್ನು ಇಡಲು 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ.

ಎಸ್‌ಎಂಪಿಎಸ್‌ಗೆ ಬರೋಣ. ಕ್ಯಾಬಿನೆಟ್ ಕೊಂಡರೆ 450 ವ್ಯಾಟಿನ ಎಸ್‌ಎಂಪಿಎಸ್ ಫ್ರೀ ಅಂದರು. ತಿರುಗಿಸಿ ಹಿಂದಿನ ಚೀಟಿ ಓದಿದೆ. 12 ವೋಲ್ಟಿನ ಸಾಲಿನಲ್ಲಿ 18 ಆಂಪಿಯರ್ ಎಂದಿತ್ತು. 12 ಗುಣಿಸು 18, ಅಂದರೆ 216 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ ಸಾಲಿನಿಂದಲೇ. ಡಬ್ಬದ ಮೇಲಿನ 450 ನನಗೆ ಪ್ರಯೋಜನವಿಲ್ಲ. ಕೈಯಲ್ಲಿ ಹಿಡಿದರೆ ಹಗುರ ಬೇರೆ. ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಎಂದು ಹೇಳುವ 80 ಪ್ಲಸ್ ಬ್ರಾಂಜ್ ಗುರುತಿನ 550 ವ್ಯಾಟಿನದ್ದಕ್ಕೆ ನಾಲ್ಕೂವರೆ ಸಾವಿರ ಕೊಟ್ಟೆ. ಅದರ ಚೀಟಿಯಲ್ಲಿ 12 ವೋಲ್ಟಿನ ಸಾಲೊಂದೇ 500 ವ್ಯಾಟ್ ದಾಟುತ್ತದೆ. ನನ್ನ ಯಂತ್ರ ಪೂರ್ತಿ ದುಡಿದರೂ 300ರ ಒಳಗೆ ಇರುತ್ತದೆ, ಹಾಗಾಗಿ ಅದು ಬಿಸಿಯಾಗದೆ ನೆಮ್ಮದಿಯಿಂದ ಓಡುತ್ತದೆ.

'ಮನೇಲಿ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಯಾಕೆ?' ಎಂದರು ಅಪ್ಪ. ನ್ಯಾಯವಾದ ಪ್ರಶ್ನೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ದಿನದ ಮಾತು. ಆದರೆ ನಮ್ಮ ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಹೊತ್ತಿಗೆ ಎಸ್‌ಎಂಪಿಎಸ್‌ನಲ್ಲಿ ಚೂರು ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಉಸಿರು ಬಿಟ್ಟಿರುತ್ತದೆ. ಪೂರ್ತಿ ಲೋಡಿನಲ್ಲಿ ಅದು ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಟ್ಯೂಬ್‌ಲೈಟಿಗೆ ಆ ಅಂತರ ಗೊತ್ತಾಗುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೇಲೆ ಬರೆಯುವ ವಿಎ ಬೇರೆ, ಅದು ನಿಜಕ್ಕೂ ಕೊಡುವ ವ್ಯಾಟ್ ಬೇರೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್, ಮಾನಿಟರ್ ಸೇರಿದರೆ ತೀರಾ ಅಂಚು. 1000 ವಿಎ, 600 ವ್ಯಾಟಿನದ್ದು ತಗೊಂಡೆ. ಆಟ ಮುಗಿಸಿ ಆಫ್ ಮಾಡಲು ಕೆಲವು ನಿಮಿಷ ಸಿಕ್ಕರೆ ಅಷ್ಟೇ ಸಾಕು.

ಪ್ರೊಸೆಸರ್, ಬೋರ್ಡ್, ಕಾರ್ಡ್ ಮೂರನ್ನೂ ನನ್ನ ತಮ್ಮ ಬೆಂಗಳೂರಿನ ಕಂಪ್ಯೂಟರ್ ಪಾರ್ಟ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಕೊಂಡು ಪಂಚಗಂಗಾ ರೈಲಿನಲ್ಲಿ ತೊಡೆ ಮೇಲೇ ಇಟ್ಟುಕೊಂಡು ತಂದ. ಮೇ ಕೊನೆಯ ಭಾನುವಾರ, ಮೃಗಶಿರ ಮಳೆ ಹಿಡಿಯುವ ಮೊದಲು, ಊಟದ ಟೇಬಲ್ ಮೇಲೆ ಜೋಡಿಸಿದೆವು. ರ್‍ಯಾಮ್ ಕಡ್ಡಿಗಳು ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ. 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲದ್ದರಿಂದ ಬೋರ್ಡಿಗೆ ಹಾಕಿದರೆ ಏನೂ ಕಾಣುವುದಿಲ್ಲ. ಸಂಜೆ ಐದಕ್ಕೆ ಪರದೆ ಬೆಳಗಿತು.

ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದೆ. ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ ಜುಮ್ ಅಂತು. ಮತ್ತೆ ಮುಟ್ಟಿದೆ, ಮತ್ತೆ ಜುಮ್. ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಏನೂ ಇಲ್ಲ.

ಪಾರ್ಟ್ಸ್ ಎಲ್ಲ ಸರಿಯಾಗಿಯೇ ಇದ್ದವು. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ ಸೋಸಲು ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ಲೋಹದ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ಮೈಗೆ. ಅರ್ಥಿಂಗ್ ಇದ್ದರೆ ಅಲ್ಲಿ ಸೋರುವ ಚೂರು ಕರೆಂಟ್ ನೆಲ ಸೇರುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ 230ರ ಅರ್ಧ, ಅಂದರೆ 115 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಹಿಂದೆ ಅರ್ಥ್ ಇದೆ ಎಂದು ನಾನು ನಂಬಿಬಿಟ್ಟಿದ್ದೆ. ಪಾರ್ಟ್ಸ್ ಆರಿಸಲು ಮೂರು ತಿಂಗಳು ಕೂತವನು ಗೋಡೆಯನ್ನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಎಲೆಕ್ಟ್ರಿಷಿಯನ್ ಬಂದು ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟಿನ ಬಲ್ಬ್ ಹಿಡಿದರು. ಇದನ್ನು ನಾವು ಮಾಡಬಾರದು, ಗೊತ್ತಿದ್ದವರೇ ಮಾಡಬೇಕು. ಬಲ್ಬಿನ ತಂತಿ ಕೆಂಪಗೂ ಆಗಲಿಲ್ಲ. ಹಿತ್ತಲಿನ ಅರ್ಥ್ ಗುಂಡಿಯ ಮುಚ್ಚಳ ತೆಗೆದು ಕ್ಲ್ಯಾಂಪಿನ ನಟ್ಟು ಹಿಡಿದರೆ ಅದು ಕೆಂಪು ಪುಡಿಯಾಗಿ ಅವರ ಬೆರಳಿಗೆ ಬಂತು. ತಂತಿ ಪೈಪಿಗೆ ತಾಗಿಯೇ ಇರಲಿಲ್ಲ. ಎಷ್ಟು ವರ್ಷದಿಂದಲೋ! ಹೊಸ ಪೈಪು, ಇದ್ದಿಲು, ಉಪ್ಪು, ತಾಮ್ರದ ತಂತಿ, ಬೋಲ್ಟಿನ ಮೇಲೆ ದಪ್ಪ ಗ್ರೀಸು. ಕೂಲಿ ಸೇರಿ 3,500 ರೂಪಾಯಿ. ಸಂಜೆ ಬಲ್ಬ್ ಪೂರ್ತಿ ಉರಿಯಿತು, ಸ್ಕ್ರೂ ಮುಟ್ಟಿದರೆ ಬರೀ ತಣ್ಣನೆ ಕಬ್ಬಿಣ. ಫ್ರಿಜ್ ಮುಟ್ಟಿದರೆ ಆಗಾಗ ಜುಮ್ ಅನ್ನುತ್ತದೆ ಎಂದು ಅಮ್ಮ ಹೇಳುತ್ತಲೇ ಇದ್ದರು. ಅದೂ ನಿಂತಿತು.

ಆಮೇಲೆ ಉಳಿದದ್ದು ಸಣ್ಣಪುಟ್ಟದ್ದು. ಬಯೋಸಿನಲ್ಲಿ ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡುವವರೆಗೆ 3200ರ ರ್‍ಯಾಮ್ 2400ರ ವೇಗದಲ್ಲೇ ಓಡುತ್ತಿತ್ತು. ವಿಂಡೋಸ್ ಸೆಟ್ಟಿಂಗಿನಲ್ಲಿ ಮಾನಿಟರ್ 60 ಹರ್ಟ್ಜ್‌ನಲ್ಲಿತ್ತು, 144 ಮಾಡಿದ ಕ್ಷಣ ಮೌಸ್ ಬಾಣವೇ ಬೇರೆ ಥರ ಜಾರಿತು.

ಮಳೆಗಾಲವಿಡೀ ಆಡದ ದಿನವೂ ಅರ್ಧ ಗಂಟೆ ಆನ್ ಮಾಡಿಟ್ಟೆ. ಒಳಗಿನ ಬಿಸಿಗೆ ತೇವ ಕೂರುವುದಿಲ್ಲ. ಕ್ಯಾಬಿನೆಟ್ ಕೊಳ್ಳುವಾಗ ಗಾಜಿನ ಮುಖ ಬಿಟ್ಟು ಜಾಲರಿ ಮುಖ, ತೊಳೆಯಬಹುದಾದ ಫಿಲ್ಟರ್ ಇರುವುದನ್ನೇ ಆರಿಸಿದ್ದೆ. ಹಿಂದಿನ ಖಾಲಿ ಸ್ಲಾಟಿನ ಪಟ್ಟಿಗಳನ್ನು ತೆಗೆಯಲಿಲ್ಲ, ಮಳೆ ಶುರುವಾದರೆ ಇರುವೆಗಳು ಒಣ ಜಾಗ ಹುಡುಕಿಕೊಂಡು ಬರುತ್ತವೆ. ಅಕ್ಟೋಬರ್‌ನಲ್ಲಿ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ರ್‍ಯಾಮಿನ ಹಲ್ಲುಗಳು ಹೊಸದರಂತೆ ಹೊಳೆಯುತ್ತಿದ್ದವು. ಗ್ರಾಫಿಕ್ಸ್ ಕಾರ್ಡ್ ಹಿಡಿದ ಒಂದು ಸ್ಕ್ರೂ ತಲೆಗೆ ಮಾತ್ರ ಸಾಸಿವೆಯಷ್ಟು ತುಕ್ಕು. ಕ್ಯಾಬಿನೆಟ್ ಜೊತೆ ಬಂದ ಪೊಟ್ಟಣದಲ್ಲಿ ಉಳಿದಿದ್ದ ಸ್ಕ್ರೂ ಹಾಕಿ ಮುಚ್ಚಿದೆ.