‘ಬಂಕಮ್’ ಪದದ ಊರನ್ನು ನಾನು ಹುಡುಕಿದ ಬಗೆ

ಇಂಗ್ಲಿಷಿನ ‘ಬಂಕಮ್’ ಪದಕ್ಕೆ ನಾನೇ ಹಿಂದೊಮ್ಮೆ ‘ಅಸಂಬದ್ಧ ಮಾತು’ ಎಂದು ಅರ್ಥ ಬರೆದು ಕೈತೊಳೆದುಕೊಂಡಿದ್ದೆ. ಅದು ಸಾಲದು, ಈ ಪದದೊಳಗೆ ಒಂದು ಊರಿದೆ ಎಂದು ಹೇಳತೊಡಗಿದಾಗ, ನನ್ನಂತೆಯೇ ನಿಘಂಟಿಗಾಗಿ ಪದಗಳ ಬಳಕೆಯನ್ನು ಚೀಟಿಗಳಲ್ಲಿ ಬರೆದಿಡುವ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಊರಿನ ಹೆಸರನ್ನೂ ಸ್ವಾರಸ್ಯವಾದ ಪ್ರಸಂಗವನ್ನೂ ಹೊತ್ತು ಬರುವ ವ್ಯುತ್ಪತ್ತಿಗಳು, ಅಂದರೆ ಪದದ ಹುಟ್ಟಿನ ವಿವರಣೆಗಳು, ಬಹುಪಾಲು ಕಟ್ಟುಕಥೆಗಳೇ ಆಗಿರುತ್ತವೆ ಎಂಬುದು ಅವರ ವಾದ. ಆ ಅನುಮಾನ ನ್ಯಾಯವಾದದ್ದೇ.

ಮೊದಲ ಆರೇಳು ತಿಂಗಳು ಪೂರ್ತಿ ವ್ಯರ್ಥವಾದವು. ಪೆಟ್ರೋಲ್ ಬಂಕ್, ಕ್ಲಾಸ್ ಬಂಕ್, ಮಲಗುವ ಬಂಕ್ ಇವೆಲ್ಲ ಕಿವಿಗೆ ಒಂದೇ ಮನೆತನದವೆಂದು ತೋರಿದ್ದರಿಂದ ಸುಮಾರು 60 ಚೀಟಿಗಳನ್ನು ಬರೆದೆ. ಅವುಗಳಲ್ಲಿ ಒಂದೂ ಬಂಕಮ್‌ನ ಮನೆ ಬಾಗಿಲಿಗೆ ಕರೆದೊಯ್ಯಲಿಲ್ಲ. ಆಮೇಲೆ ಹಳೆಯ ಅಮೆರಿಕನ್ ಪತ್ರಿಕೆಗಳ ಸಂಗ್ರಹವೊಂದಕ್ಕೆ ಏನಿಲ್ಲವೆಂದರೂ 9,000 ರೂಪಾಯಿ ಚಂದಾ ಕಟ್ಟಿದೆ. ನನಗೆ ಬೇಕಾದ ದಶಕವೇ ಅದರಲ್ಲಿ ಇಲ್ಲವೆಂದು ತಿಳಿದದ್ದು ಹಣ ಹೋದ ಮೇಲೆ. ಕೊನೆಗೆ ಕೆಲಸಕ್ಕೆ ಬಂದ ಪುಟ ಒಂದು ಕಾಸೂ ಇಲ್ಲದೆ ಸಿಕ್ಕಿತೆಂಬುದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಫಲ ಕೊಟ್ಟ ವಿಧಾನ ಇಷ್ಟೇ. ಅರ್ಥದ ಕಡೆ ನೋಡುವುದನ್ನು ಬಿಟ್ಟು, ಪ್ರತಿ ಚೀಟಿಯಲ್ಲಿಯೂ ಪದದ ಮೊದಲಕ್ಷರ ದೊಡ್ಡದೋ ಚಿಕ್ಕದೋ, ಅದರ ಹಿಂದೆ ಯಾವ ಪ್ರಿಪೊಸಿಷನ್ ನಿಂತಿದೆ ಎಂಬುದನ್ನಷ್ಟೇ ಗುರುತು ಹಾಕಿಕೊಂಡು ಚೀಟಿಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿದೆ. 1828ರ ‘ನೈಲ್ಸ್ ವೀಕ್ಲಿ ರಿಜಿಸ್ಟರ್’ ಪತ್ರಿಕೆಯಲ್ಲಿ ‘ಟಾಕಿಂಗ್ ಟು ಬಂಕಮ್’ ಎಂಬ ನುಡಿಗಟ್ಟು ದೊಡ್ಡ ಅಕ್ಷರದಿಂದಲೇ ಆರಂಭವಾಗಿ ಅಚ್ಚಾಗಿದೆ. ಅಸಂಬದ್ಧತೆಯನ್ನು ಉದ್ದೇಶಿಸಿ ಯಾರೂ ಮಾತನಾಡುವುದಿಲ್ಲ. ಒಂದು ಊರನ್ನು, ಅಲ್ಲಿಯ ಜನರನ್ನು ಉದ್ದೇಶಿಸಿ ಮಾತನಾಡುತ್ತಾರೆ. ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರು ಭಾಷಣವನ್ನು ಎಳೆದಾಡುವಾಗ ವಾಷಿಂಗ್ಟನ್ನಿನಲ್ಲಿ ಬಳಸುವ ಹಳೆಯ ಮಾತಿದು ಎಂದೂ ಅದೇ ಪತ್ರಿಕೆ ಹೇಳುತ್ತದೆ. ಅಂದರೆ ನಾನು ಹುಡುಕಬೇಕಿದ್ದದ್ದು 1828ಕ್ಕಿಂತ ಮೊದಲಿನ ಒಬ್ಬ ಸದಸ್ಯನನ್ನು ಮತ್ತು ಅವನ ಕ್ಷೇತ್ರವನ್ನು.

ಆ ಕ್ಷೇತ್ರ ನಾರ್ತ್ ಕ್ಯಾರೊಲೈನಾದಲ್ಲಿತ್ತು. ಆಶ್ವಿಲ್ ನಗರವಿರುವ ಅಲ್ಲಿಯ ಕೌಂಟಿಗೆ (ಜಿಲ್ಲೆಗೆ), ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಗಾಯಗೊಂಡು ಸೆರೆಯಲ್ಲಿ ಸತ್ತ ಕರ್ನಲ್ ಎಡ್ವರ್ಡ್ ಬಂಕಮ್ ಅವರ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿಂದ ಆಯ್ಕೆಯಾದ ಫೀಲಿಕ್ಸ್ ವಾಕರ್ 1817ರಿಂದ 1823ರವರೆಗೆ ಕಾಂಗ್ರೆಸ್ಸಿನಲ್ಲಿದ್ದರು. 1820ರ ಫೆಬ್ರುವರಿಯಲ್ಲಿ, ಮಿಸೌರಿಯಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬ ಚರ್ಚೆಯಿಂದ ದಣಿದು ಮತಕ್ಕೆ ಹಾಕಿರೆಂದು ಸಭೆ ಕೂಗುತ್ತಿದ್ದಾಗ ವಾಕರ್ ಎದ್ದು ನಿಂತರು. ಕುಳಿತುಕೊಳ್ಳಲು ಹೇಳಿದವರಿಗೆ, ತಾನು ಮಾತನಾಡಬೇಕಿರುವುದು ಬಂಕಮ್‌ಗಾಗಿ ಎಂದರಂತೆ. ಇಸವಿಗಳು, ಕ್ಷೇತ್ರ, ದೊಡ್ಡ ಅಕ್ಷರ, ‘ಟು’ ಎಲ್ಲವೂ ಒಂದಕ್ಕೊಂದು ಕೂಡಿಕೊಂಡ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೌಂಟಿಯ ಹೆಸರಿನ ಇಂಗ್ಲಿಷ್ ಕಾಗುಣಿತ ಬೇರೆ, Buncombe. ಕಿವಿಗೆ ಬಿದ್ದಂತೆ ಬರೆದಾಗ ಅದು ಈಗಿನ bunkum ರೂಪ ಪಡೆಯಿತು, ಕ್ರಮೇಣ ಮೊದಲಕ್ಷರವೂ ಚಿಕ್ಕದಾಯಿತು. ಅದನ್ನೇ ಮೊಟಕುಗೊಳಿಸಿದ ‘ಬಂಕ್’ನಿಂದ 1923ರಲ್ಲಿ ಅಮೆರಿಕದ ಲೇಖಕ ವಿಲಿಯಂ ವುಡ್‌ವರ್ಡ್ ಬೊಗಳೆಯನ್ನು ಬಯಲುಮಾಡು ಎಂಬರ್ಥದ ‘ಡಿಬಂಕ್’ ಕ್ರಿಯಾಪದವನ್ನು ಕಟ್ಟಿದರು.

ಇದೇ ಪರೀಕ್ಷೆಯನ್ನು ಅಸಂಬದ್ಧ ಮಾತು ಎಂದೇ ಅರ್ಥವಿರುವ ‘ಬಾಲ್ಡರ್‌ಡ್ಯಾಶ್’ ಪದದ ಮೇಲೆ ನಡೆಸಿ ಸೋತೆ. ಒಂದು ಕಾಲಕ್ಕೆ ಅದು ಬಿಯರು, ಹಾಲುಗಳಂಥ ಹೊಂದಿಕೆಯಿಲ್ಲದ ಪಾನೀಯಗಳ ಕಲಬೆರಕೆಗೆ ಹೆಸರಾಗಿತ್ತೆಂಬುದಕ್ಕಿಂತ ಆಚೆಗೆ ದಾರಿ ಸಿಗಲಿಲ್ಲ. ‘ಗಾಬಲ್ಡಿಗುಕ್’ ಮಾತ್ರ ಸುಲಭ: ಕಚೇರಿಯ ಜಟಿಲ ಭಾಷೆಯನ್ನು ಟರ್ಕಿ ಕೋಳಿಯ ಕೂಗಿಗೆ ಹೋಲಿಸಿ 1944ರಲ್ಲಿ ಅಮೆರಿಕದ ರಾಜಕಾರಣಿ ಮೌರಿ ಮ್ಯಾವೆರಿಕ್ ಕಟ್ಟಿದ ಪದ ಅದು. ಅವರ ಅಜ್ಜ ಸ್ಯಾಮುಯೆಲ್ ಮ್ಯಾವೆರಿಕ್ ಅವರ ಹೆಸರೇ, ಯಾರ ಗುಂಪಿಗೂ ಸೇರದ ಸ್ವತಂತ್ರ ವ್ಯಕ್ತಿ ಎಂಬರ್ಥದ ‘ಮ್ಯಾವೆರಿಕ್’ ಪದವಾಯಿತು. ಅಲ್ಲಿ ನನ್ನ ದೊಡ್ಡಕ್ಷರದ ಪರೀಕ್ಷೆ ಮತ್ತೆ ಗೆದ್ದಿತು.

ಸ್ಕ್ಯಾನ್ ಮಾಡಿದ ಹಳೆಯ ಅಚ್ಚನ್ನು ಕಂಪ್ಯೂಟರ್ ತಪ್ಪಾಗಿ ಓದುವುದರಿಂದ, ಸರಿಯಾದ ಕಾಗುಣಿತದಲ್ಲಿ ಹುಡುಕಿದರೆ ಎಷ್ಟೋ ಪುಟಗಳು ಸಿಗುವುದೇ ಇಲ್ಲ. ಯಾವ ತಪ್ಪು ಕಾಗುಣಿತಗಳಲ್ಲಿ ಹುಡುಕಬೇಕೆಂಬ ಪಟ್ಟಿ ನನ್ನಲ್ಲಿದೆ. ಇನ್ನೂ ಹತ್ತಾರು ಪದಗಳಿಗೆ ಅದನ್ನು ಬಳಸಬೇಕಿರುವುದರಿಂದ ಇಲ್ಲಿ ಕೊಡುತ್ತಿಲ್ಲ.

ಅನುಮಾನಪಟ್ಟ ಗೆಳೆಯರಲ್ಲಿ ಇಬ್ಬರು ಚೀಟಿಗಳನ್ನು ಒಂದೊಂದಾಗಿ ನೋಡಿ, ತಮ್ಮ ಹಸ್ತಪ್ರತಿಗಳಲ್ಲಿಯೂ ಆ ನಮೂದನ್ನು ತಿದ್ದಿಕೊಂಡರು. ನನ್ನದರಲ್ಲಿ ಅದು ಈಗ ಹೀಗಿದೆ: ‘ಬಂಕಮ್ – ಎದುರಿಗಿದ್ದವರಿಗಲ್ಲದೆ ತನ್ನೂರಿನವರ ಮೆಚ್ಚುಗೆಗಾಗಿ ಆಡಿದ ಹುರುಳಿಲ್ಲದ ಮಾತು, ಬೊಗಳೆ.’