ಎರೆಹುಳು ಮರಿ ಮಾಡುವುದನ್ನು ಕಣ್ಣಾರೆ ನೋಡುವುದು ಹೇಗೆ?

ಎರೆಹುಳುವನ್ನು ಎರಡು ತುಂಡು ಮಾಡಿದರೆ ಎರಡು ಹುಳು ಆಗುತ್ತವೆ ಅನ್ನುವ ಮಾತನ್ನು ನಂಬಬೇಡಿ. ಬಾಲದ ತುಂಡು ಸತ್ತೇ ಹೋಗುತ್ತದೆ. ತಲೆಯ ತುಂಡೂ ಎಷ್ಟೋ ಸಲ ಉಳಿಯುವುದಿಲ್ಲ. ಎರೆಹುಳು ಹುಟ್ಟುವುದು ಮೊಟ್ಟೆಯಿಂದ. ಅದನ್ನು ನೋಡಲು ಒಂದು ಡಬ್ಬಿ ಮತ್ತು ತಾಳ್ಮೆ ಸಾಕು.

ಮುಚ್ಚಳಕ್ಕೆ ಸಣ್ಣ ತೂತು ಮಾಡಿದ ಡಬ್ಬಿ ತಗೊಳ್ಳಿ. ಹರಿದ ಕಾಗದ, ಒಣಗಿದ ಎಲೆ, ಹಳೆಯ ಗೊಬ್ಬರ ಬೆರೆಸಿ ತುಂಬಿ. ನೀರು ಚಿಮುಕಿಸಿ, ಆದರೆ ಜಾಸ್ತಿ ಬೇಡ. ಹಿಂಡಿದ ಸ್ಪಂಜಿನಷ್ಟು ತೇವ ಇರಲಿ. ಎರೆಹುಳು ಚರ್ಮದಿಂದಲೇ ಉಸಿರಾಡುತ್ತದೆ, ಚರ್ಮ ಒಣಗಿದರೆ ಅದರ ಕಥೆ ಮುಗಿಯಿತು. ಡಬ್ಬಿ ನೆರಳಿನಲ್ಲಿರಲಿ, 20ರಿಂದ 25 ಡಿಗ್ರಿ ಒಳ್ಳೆಯದು. ಊಟಕ್ಕೆ ತರಕಾರಿ ಸಿಪ್ಪೆ ಹಾಕಿ. ಉಪ್ಪು, ಎಣ್ಣೆ, ನಿಂಬೆ ಸಿಪ್ಪೆ ಬೇಡ.

ಎರೆಗೊಬ್ಬರಕ್ಕೆ ಬಳಸುವ ಕೆಂಪು ಹುಳು, ಅಂದರೆ ಐಸೀನಿಯಾ ಫೆಟಿಡಾ, ಹತ್ತು-ಹನ್ನೆರಡು ಬಿಡಿ. ತಲೆಯ ಕಡೆಗೆ ದಪ್ಪ ಪಟ್ಟಿ ಇರುವುದನ್ನೇ ಆರಿಸಿ. ಆ ಪಟ್ಟಿ ಇದ್ದರೆ ಹುಳು ಬೆಳೆದಿದೆ ಅಂತ ಅರ್ಥ. ಗಂಡು ಯಾವುದು, ಹೆಣ್ಣು ಯಾವುದು ಅಂತ ಹುಡುಕಬೇಕಿಲ್ಲ. ಪ್ರತಿ ಹುಳುವಿನಲ್ಲೂ ಎರಡೂ ಅಂಗಗಳಿವೆ. ಆದರೂ ಸಾಮಾನ್ಯವಾಗಿ ಜೊತೆಗೆ ಇನ್ನೊಂದು ಹುಳು ಬೇಕೇ ಬೇಕು.

ರಾತ್ರಿ ಮಂದವಾದ ಕೆಂಪು ಬೆಳಕಿನಲ್ಲಿ ಮೆಲ್ಲಗೆ ಮುಚ್ಚಳ ತೆಗೆಯಿರಿ. ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ. ಅದೃಷ್ಟ ಇದ್ದರೆ ಎರಡು ಹುಳುಗಳು ಒಂದರ ತಲೆ ಇನ್ನೊಂದರ ಬಾಲದ ಕಡೆಗಿರುವಂತೆ ಅಂಟಿಕೊಂಡಿರುವುದು ಕಾಣುತ್ತದೆ. ಒಂದರ ವೀರ್ಯವನ್ನು ಇನ್ನೊಂದು ಪಡೆದು, ಪುಟ್ಟ ಚೀಲಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ದಯವಿಟ್ಟು ಮುಟ್ಟಬೇಡಿ.

ನನಗೆ ಅತಿ ಇಷ್ಟವಾದ ಭಾಗ ಇದರ ನಂತರದ್ದು. ಹುಳುಗಳು ಬೇರೆಯಾದ ಮೇಲೆ ಪಟ್ಟಿಯಿಂದ ಲೋಳೆ ಒಸರಿ, ಮೈ ಸುತ್ತ ಬಳೆಯಂತೆ ಕೂರುತ್ತದೆ. ಹುಳು ಹಿಂದೆ ಸರಿಯುತ್ತಾ ಆ ಬಳೆಯನ್ನು ತಲೆಯ ಕಡೆಗೆ ಕಳಚುತ್ತದೆ. ದಾರಿಯಲ್ಲಿ ಬಳೆಯೊಳಗೆ ಮೊದಲು ತನ್ನ ಮೊಟ್ಟೆ ಬೀಳುತ್ತವೆ, ಆಮೇಲೆ ಕೂಡಿಟ್ಟ ವೀರ್ಯ. ಅವು ಸೇರುವುದು ಹುಳುವಿನ ಹೊಟ್ಟೆಯಲ್ಲಲ್ಲ, ಆ ಲೋಳೆಯೊಳಗೆ! ತಲೆಯಿಂದ ಜಾರಿದ ಕೂಡಲೇ ಬಳೆಯ ಎರಡೂ ತುದಿ ಮುಚ್ಚಿಕೊಂಡು ಪುಟ್ಟ ಕೋಶವಾಗುತ್ತದೆ.

ಕೆಲವು ವಾರ ಬಿಟ್ಟು ಗೊಬ್ಬರವನ್ನು ಕಾಗದದ ಮೇಲೆ ಹರಡಿ ಹುಡುಕಿ. ಪುಟಾಣಿ ನಿಂಬೆಹಣ್ಣಿನ ಆಕಾರ, 3-4 ಮಿಲಿಮೀಟರ್ ಉದ್ದ. ಹೊಸದಾಗಿದ್ದರೆ ತಿಳಿ ಹಳದಿ, ದಿನ ಕಳೆದಂತೆ ಕಂದು. ಒದ್ದೆ ಕಾಗದ ಹಾಸಿದ ಚಿಕ್ಕ ಡಬ್ಬಿಗೆ ಚಮಚದಿಂದ ಎತ್ತಿಡಿ. ಬೆಚ್ಚಗಿದ್ದರೆ ಸುಮಾರು ಮೂರು ವಾರಕ್ಕೆ ಒಂದು ಕೋಶದಿಂದ ಎರಡು-ಮೂರು ಮರಿಗಳು ಬರಬಹುದು. ದಾರದ ಎಳೆಯಷ್ಟು ತೆಳ್ಳಗೆ, ಬಿಳಿಚಿಕೊಂಡಿರುತ್ತವೆ. ಪಟ್ಟಿ ಇರುವುದಿಲ್ಲ, ಅದು ಮೂಡಲು ಇನ್ನೂ ಆರೆಂಟು ವಾರ ಬೇಕು.

ನೋಡಿ ಆದ ಮೇಲೆ ಎಲ್ಲವನ್ನೂ ಗೊಬ್ಬರದ ಗುಂಡಿಗೆ ಬಿಡಿ. ಕಾಡಿಗೆ ಬಿಡಬೇಡಿ, ಹೊರಗಿನಿಂದ ಬಂದ ಹುಳು ಅಲ್ಲಿನ ಮಣ್ಣನ್ನೇ ಬದಲಿಸಬಹುದು.